ಒಂದು ಹೆಬ್ಬೆರಳಿನಷ್ಟು ನೆಗ್ಗು

ಕಾರಿಗೆ ಬಿದ್ದದ್ದು ಒಂಬೈನೂರು ಪರದೆ. ಅದರ ಟೈರುಗಳಿಗೆ ಅರವತ್ತು ಪರದೆ, ಬ್ಯಾಟರಿಗೆ ಹದಿನೆಂಟು, ಹಿಂದಿನ ಮಾಲೀಕ ಒಳಗೆ ಬಿಟ್ಟುಹೋಗಿದ್ದ ಸಿಗರೇಟಿನ ವಾಸನೆಯನ್ನು ಓಡಿಸಲು ಎರಡು. ಇನ್ನು ವರ್ಷದ ಇನ್ಶೂರೆನ್ಸಿಗೆ, ಯಾವ ಕಂಪನಿ ಎನ್ನುವುದರ ಮೇಲೆ, ಇಪ್ಪತ್ತೋ ಇಪ್ಪತ್ತೆರಡೋ ಪರದೆ.

ತಕ್ಕಡಿಯಪ್ಪನ ಮನೆಯಲ್ಲಿ ಲೆಕ್ಕ ನಡೆಯುತ್ತಿದ್ದದ್ದೇ ಹೀಗೆ. ಅವನ ಹೆಂಡತಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವವಳು. ಒಂದು ಪರದೆ ಹೊಲಿದರೆ ಕೈಯಲ್ಲಿ ಎಷ್ಟು ಉಳಿಯುತ್ತದೋ ಅದೇ ಅವಳ ನಾಣ್ಯ. ಗಂಡ ಅಂಗಡಿಯಲ್ಲಿ ಚಪ್ಪಲಿ ನೋಡುತ್ತಾ ನಿಂತರೆ "ಮೂರು ಪರದೆ ರೀ ಅದು, ಬನ್ನಿ" ಅನ್ನುವಳು. ಅಲ್ಲಿಗೆ ಚಪ್ಪಲಿಯ ಆಸೆ ಮುಗಿಯುತ್ತಿತ್ತು.

ಅಂಥವಳು ಒಂಬೈನೂರು ಪರದೆ ಸುರಿದು ಹಳೆಯ ಕಾರು ಕೊಂಡದ್ದಕ್ಕೆ ಕಾರಣವಿತ್ತು. ಊರಿನ ಹೊಸ ಆಸ್ಪತ್ರೆಯ ಅಷ್ಟೂ ಕೋಣೆಗಳ ಪರದೆ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ಎಲ್ಲವೂ ಆಸ್ಪತ್ರೆಯ ಬಾಗಿಲಲ್ಲಿರಬೇಕು. ಇಲ್ಲದಿದ್ದರೆ ಆರ್ಡರು ರದ್ದು. ಹೊಲಿದ ಪರದೆಗಳು ಆಗಲೇ ನಡುಮನೆಯಲ್ಲಿ ಸೂರು ಮುಟ್ಟುವಂತೆ ನಿಂತಿದ್ದವು. ಕಾರಿನ ಜೊತೆ ಬಂದು ತಕ್ಕಡಿಯಪ್ಪನ ಹೆಸರಿಗೆ ವರ್ಗವಾಗಿದ್ದ ಹಳೆಯ ಪಾಲಿಸಿ ಶುಕ್ರವಾರಕ್ಕೆ ಮುಗಿಯುತ್ತಿತ್ತು.

"ಇನ್ಶೂರೆನ್ಸ್ ಇಲ್ದೆ ಗಾಡಿ ರೋಡಿಗಿಳಿಯೋ ಹಾಗಿಲ್ಲ. ಯಾವುದಾದ್ರೂ ಒಂದು ಕಂಪನೀಲಿ ಮಾಡಿಸಿ, ಶುಕ್ರವಾರದೊಳಗೆ. ನಿಮ್ಮ ಪರೀಕ್ಷೆ ಗಿರೀಕ್ಷೆ ಎಲ್ಲಾ ಬೇಡ" ಎಂದು ಹೆಂಡತಿ ಹೇಳಿದ್ದಳು.

ಹಾಗೆ ಹೇಳುವುದೂ ಒಂದೇ, ಮೀನಿಗೆ ಒದ್ದೆಯಾಗಬೇಡ ಅನ್ನುವುದೂ ಒಂದೇ.

ತಕ್ಕಡಿಯಪ್ಪನ ಕೆಲಸ ತಕ್ಕಡಿ ರಿಪೇರಿ. ದಿನಸಿ ಅಂಗಡಿ, ಹಳೇ ಕಬ್ಬಿಣದ ಅಂಗಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಟ್ಟೆ, ಎಲ್ಲಕ್ಕೂ ಅವನೇ. ಹೆಗಲ ಚೀಲದಲ್ಲಿ ಸದಾ ಒಂದು ಕಿಲೋದ ತೂಕದ ಕಲ್ಲು. ಯಾವ ತಕ್ಕಡಿ ಎದುರಾದರೂ ಅದರ ಮೇಲೆ ಆ ಕಲ್ಲಿಟ್ಟು ನೋಡಿದ ಮೇಲೆಯೇ ಅದಕ್ಕೆ ಮರ್ಯಾದೆ. ಈ ಅಭ್ಯಾಸ ಮೆಲ್ಲಗೆ ತಕ್ಕಡಿ ಬಿಟ್ಟು ಬೇರೆಲ್ಲದಕ್ಕೂ ಹರಡಿತ್ತು. ಕೊಡೆ ಕೊಳ್ಳಲು ಹೋದವನು ಅಂಗಡಿಯವನ ಹತ್ತಿರ ಒಂದು ಬಕೆಟ್ ನೀರು ಕೇಳಿದ್ದ. ಕುರ್ಚಿ ಕೊಳ್ಳುವಾಗ ಅದರ ಮೇಲೆ ನಿಂತು ಕುಣಿದಿದ್ದ. ಮದುವೆಗೆ ಮುಂಚೆ ಹೆಂಡತಿಯನ್ನು ಏನು ಪರೀಕ್ಷೆ ಮಾಡಿದ್ದನೋ ತಿಳಿಯದು. ಆದರೆ ಅವಳು ಪಾಸಾದದ್ದಕ್ಕೆ ಅವಳೇ ಆಗಾಗ ಪೇಚಾಡುವುದುಂಟು.

ಹಾಗಾಗಿ ಅವನು ಸೋಮವಾರವೇ ಎರಡು ಕಂಪನಿಗಳನ್ನು ಸುತ್ತಿ ಬಂದಿದ್ದ.

ಮೊದಲನೆಯದು ಹಳೆಯ ಪಾಲಿಸಿ ಇದ್ದ ನೀಲಿ ಬೋರ್ಡಿನ ಕಂಪನಿ. ಅಲ್ಲಿ ತಂಪು ಗಾಳಿ, ಮೆತ್ತನೆ ಕುರ್ಚಿ, ಗೋಡೆಯ ತುಂಬಾ ನಗುವ ಹುಡುಗಿಯ ಚಿತ್ರ. ಮ್ಯಾನೇಜರೂ ಆ ಚಿತ್ರವನ್ನು ನೋಡಿಯೇ ನಗು ಕಲಿತವನಂತೆ ನಕ್ಕು, "ಅಪಘಾತ ಆದ ಕ್ಷಣ ನಾವು ನಿಮ್ಮ ಪಕ್ಕದಲ್ಲಿ ಇರ್ತೀವಿ ಸಾರ್" ಅಂದಿದ್ದ.

ಎರಡನೆಯದು ಹಸಿರು ಬೋರ್ಡಿನ ಕಂಪನಿ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಪ್ರೀಮಿಯಂ ಎರಡು ಪರದೆ ಜಾಸ್ತಿ. ಅಲ್ಲಿದ್ದ ಹೆಂಗಸು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಕ್ಲೇಮ್ ಬಂದ್ರೆ ಹೇಗೆ ನೋಡ್ಕೋತೀರಿ?" ಎಂದು ಇವನು ಕೇಳಿದ್ದಕ್ಕೆ, "ಕೊಡೋ ಹಾಗಿದ್ರೆ ಕೊಡ್ತೀವಿ. ಕೊಡೋ ಹಾಗಿಲ್ದಿದ್ರೆ ಇಲ್ಲ ಅಂತೀವಿ. ಇನ್ನೇನು ಮಾಡ್ತಾರೆ?" ಅಂದಿದ್ದಳು.

"ನೋಡೇ, ಕೊಳ್ಳುವಾಗ ಎಲ್ಲಾ ಕಂಪನಿನೂ ಬಂಗಾರವೇ" ಎಂದು ತಕ್ಕಡಿಯಪ್ಪ ಹೆಂಡತಿಗೆ ವಿವರಿಸಿದ. "ಗಾಡಿಗೆ ಪೆಟ್ಟು ಬಿದ್ದ ಮೇಲೆ ಹೇಗೆ ಮಾತಾಡ್ತಾರೆ, ಅದು ಮುಖ್ಯ. ಕಲ್ಲು ಇಟ್ಟು ನೋಡ್ದೆ ತಕ್ಕಡಿ ಸರಿ ಇದೆ ಅಂತ ಹೇಗೆ ಹೇಳೋದು?"

"ಶುಕ್ರವಾರ" ಅಂದಳು ಹೆಂಡತಿ, ಹೊಲಿಗೆ ಯಂತ್ರ ನಿಲ್ಲಿಸದೆ.

ಗುರುವಾರ ಬೆಳಿಗ್ಗೆ ಅವನಿಗೆ ದಾರಿ ಹೊಳೆಯಿತು. ಹಳೆಯ ಪಾಲಿಸಿ ಇನ್ನೂ ಜೀವಂತವಾಗಿದೆ. ಅಂದರೆ ನೀಲಿ ಕಂಪನಿಯ ತಟ್ಟೆಯ ಮೇಲೆ ಒಂದು ಕಲ್ಲಿಡಬಹುದು. ಚಿಕ್ಕದು, ಅಳತೆಯದು. ಕ್ಲೇಮಿನ ಕಲ್ಲು ಎಂದರೆ ನೆಗ್ಗು ತಾನೇ?

ಅವನು ರಬ್ಬರ್ ಸುತ್ತಿಗೆ ತೆಗೆದುಕೊಂಡು ಬೀದಿಗಿಳಿದ. ಕಾರಿನ ಸುತ್ತ ಎರಡು ಸಲ ಸುತ್ತಿದ. ಹಿಂದಿನ ಬಾಗಿಲಿನ ಕೆಳಭಾಗವನ್ನು ಆರಿಸಿದ. ಅದರ ಮೇಲೆ ಮಡಚಿದ ಬಟ್ಟೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊಡೆದ. ಏನೂ ಆಗಲಿಲ್ಲ. ಇನ್ನೊಂದು ಹೊಡೆದ. ಆಗಲಿಲ್ಲ. ಮೂರನೆಯದಕ್ಕೆ ತಗಡು ಸಣ್ಣಗೆ ಕೆಮ್ಮಿ ಒಳಕ್ಕೆ ಹೋಯಿತು. ಹೆಬ್ಬೆರಳು ಇಟ್ಟು ನೋಡಿದ, ಸರಿಯಾಗಿ ಕೂತಿತು.

ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರು ಗೇಟಿನ ಮೇಲೆ ಮೊಣಕೈ ಊರಿ ಎಲ್ಲವನ್ನೂ ನೋಡುತ್ತಿದ್ದರು.

"ಏನ್ರೀ, ಏನಾದ್ರೂ ಅಂದಿತಾ ನಿಮಗೆ, ಆ ಕಾರು?"

"ಪರೀಕ್ಷೆ ಮಾಡ್ತಿದೀನಿ ಮಾಸ್ತರೇ."

"ಕಾರು ಗಟ್ಟಿ ಇದೆಯಾ ಅಂತಾ?"

"ಕಂಪನಿ ಗಟ್ಟಿ ಇದೆಯಾ ಅಂತ."

ಮಾಸ್ತರು ಚೆನ್ನಾಗಿ ಕಾಣಲೆಂದು ಕುರ್ಚಿ ತಂದು ಹಾಕಿಕೊಂಡರು.

ತಕ್ಕಡಿಯಪ್ಪನಿಗೆ ಒಂದು ದೋಷವಿತ್ತು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಲ್ಲನ್ನು ಹತ್ತು ಗ್ರಾಂ ಸವೆಸಿಟ್ಟುಕೊಂಡು ತಕ್ಕಡಿ ಪರೀಕ್ಷಿಸುವುದು ಹೇಗೆ ಸಾಧ್ಯವಿಲ್ಲವೋ, ಸುಳ್ಳು ಹೇಳಿ ಕಂಪನಿ ಪರೀಕ್ಷಿಸುವುದೂ ಹಾಗೆಯೇ ಎಂದು ಅವನ ನಂಬಿಕೆ. ಅವನು ನೀಲಿ ಕಂಪನಿಗೆ ಫೋನ್ ಮಾಡಿದ.

"ನನ್ನ ಕಾರಿಗೆ ನೆಗ್ಗು ಬಿದ್ದಿದೆ."

"ಅಯ್ಯೋ ಸಾರ್, ಹೇಗಾಯ್ತು?"

"ನಾನೇ ಹೊಡೆದೆ."

"ಗೋಡೆಗಾ ಸಾರ್?"

"ಸುತ್ತಿಗೇಲಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು. ಆಮೇಲೆ ಮ್ಯಾನೇಜರ್ ಬಹಳ ನಯವಾಗಿ, "ನಾಯಿ ಅಡ್ಡ ಬಂತಾ ಸಾರ್?" ಎಂದ.

"ಯಾವ ನಾಯಿ?"

"ಯಾವುದಾದ್ರೂ ಸಾರ್. ಎಲ್ರಿಗೂ ಒಂದು ಬಂದಿರುತ್ತೆ."

"ನಮ್ಮ ಬೀದೀಲಿ ಇರೋದು ಒಂದೇ ನಾಯಿ. ಅದು ಊಟಕ್ಕೇ ಏಳಲ್ಲ, ಅಡ್ಡ ಬರೋಕೆ ಏಳುತ್ತಾ? ನಾನೇ ಹೊಡೆದದ್ದು ರೀ. ಪರೀಕ್ಷೆಗೆ. ನೀವು ಎಷ್ಟು ಹೊತ್ತಿಗೆ ಬರ್ತೀರಿ, ಹೇಗೆ ಮಾತಾಡ್ತೀರಿ, ಏನು ತೀರ್ಮಾನ ಮಾಡ್ತೀರಿ, ಎಲ್ಲಾ ನೋಡ್ತೀನಿ. ನಿಮ್ಮ ಕಂಪನಿ ವಿಷಯ ಆಮೇಲೆ ಹೇಳ್ತೀನಿ."

ಈಗ, ತಕ್ಕಡಿಯಪ್ಪನಿಗೆ ತಿಳಿಯದಿದ್ದ ಒಂದು ಸಂಗತಿಯಿತ್ತು. ಹೆಡ್ಡಾಫೀಸಿನಿಂದ ತಪಾಸಣೆಯವರು ಸಾಮಾನ್ಯ ಗಿರಾಕಿಯ ವೇಷದಲ್ಲಿ ಬರಲಿದ್ದಾರೆ ಎಂಬ ಸುದ್ದಿ ಆ ವಾರವೆಲ್ಲಾ ನೀಲಿ ಆಫೀಸಿನಲ್ಲಿ ಓಡಾಡುತ್ತಿತ್ತು. ಫೋನನ್ನು ಅಂಗೈಯಲ್ಲಿ ಮುಚ್ಚಿ ಮ್ಯಾನೇಜರ್ ಪಿಸುಗುಟ್ಟಿದ್ದು ತಕ್ಕಡಿಯಪ್ಪನಿಗೂ ಅಷ್ಟಿಷ್ಟು ಕೇಳಿಸಿತು: "ಬಂದ್ರು ಕಣ್ರೋ! ಅವರೇ! ಇಷ್ಟು ಧೈರ್ಯವಾಗಿ ನಿಜ ಹೇಳೋರು ಗಿರಾಕಿ ಅಲ್ಲವೇ ಅಲ್ಲ!"

ತನ್ನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡರೆಂದು ತಕ್ಕಡಿಯಪ್ಪ ಎದೆಯುಬ್ಬಿಸಿದ.

ಅರ್ಧ ಗಂಟೆ ಆಗಿರಲಿಲ್ಲ. ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಮುಂದೆ ಮ್ಯಾನೇಜರನ ಕಾರು. ಅದರಲ್ಲಿ ಮ್ಯಾನೇಜರ್, ನಷ್ಟದ ಅಂದಾಜು ಹಾಕುವ ಸರ್ವೇಯರ್, ಇಬ್ಬರ ನಡುವೆ ಒಂದು ಹೂಗುಚ್ಛ. ಅದರ ಹಿಂದೆ ಕೆಟ್ಟ ಗಾಡಿಗಳನ್ನು ಕೊಕ್ಕೆ ಹಾಕಿ ಎಳೆದೊಯ್ಯುವ ದೊಡ್ಡ ಲಾರಿ, ನೆತ್ತಿಯ ಮೇಲೆ ಕೆಂಪು ದೀಪ ಗಿರಗಿರ ತಿರುಗಿಸಿಕೊಂಡು. ಬೀದಿಯ ನಾಯಿ ಜೀವನದಲ್ಲಿ ಮೊದಲ ಸಲ ಎದ್ದು ನಿಂತಿತು.

ಮ್ಯಾನೇಜರ್ ಇಳಿದವನೇ ತಕ್ಕಡಿಯಪ್ಪನ ಎರಡೂ ಕೈ ಹಿಡಿದುಕೊಂಡ. "ಸಾರ್, ನಿಮಗೇನೂ ಆಗಿಲ್ಲ ತಾನೇ?"

"ಸ್ವಲ್ಪ ಮೊಣಕೈ ನೋವು. ಮೂರು ಸಲ ಹೊಡೀಬೇಕಾಯ್ತು ನೋಡಿ."

"ಬರ್ಕೊಳ್ರೀ, ಮೊಣಕೈ!" ಎಂದು ಮ್ಯಾನೇಜರ್ ಸರ್ವೇಯರಿಗೆ ಹೇಳಿದ.

ಸರ್ವೇಯರ್ ನೆಲದ ಮೇಲೆ ಮಂಡಿಯೂರಿ, ಭೂತಗನ್ನಡಿ ಹಿಡಿದು ನೆಗ್ಗನ್ನು ಹುಡುಕಿದ. ಸಿಗಲಿಲ್ಲ. ತಕ್ಕಡಿಯಪ್ಪ ಹೆಬ್ಬೆರಳು ಇಟ್ಟು ತೋರಿಸಿದ. "ಅಬ್ಬಾ!" ಎಂದು ಸರ್ವೇಯರ್ ಹಿಂದಕ್ಕೆ ಸರಿದ. "ಭಾರೀ ಪೆಟ್ಟು ಸಾರ್. ಬಾಗಿಲೇ ಬದಲಾಯಿಸ್ಬೇಕು."

"ಒಂದೇ ಬಾಗಿಲು ಹೊಸದು ಹಾಕಿದ್ರೆ ಚೆನ್ನಾಗಿ ಕಾಣಲ್ಲ ಕಣ್ರೀ, ನಾಲ್ಕೂ ಹಾಕಿ!" ಎಂದ ಮ್ಯಾನೇಜರ್, ಓರೆಗಣ್ಣಿನಲ್ಲಿ ತಕ್ಕಡಿಯಪ್ಪನ ಮುಖ ನೋಡುತ್ತಾ.

ತಕ್ಕಡಿಯಪ್ಪನ ಮುಖ ಹಬ್ಬದ ದೀಪದಂತೆ ಬೆಳಗುತ್ತಿತ್ತು. ಇಂಥ ಕಂಪನಿಯನ್ನು ಬಿಟ್ಟು ಬೇರೆಡೆ ಹೋಗುವವನು ಮನುಷ್ಯನೇ!

ಅಷ್ಟರಲ್ಲಿ ಬೀದಿಯೆಲ್ಲಾ ಸೇರಿತ್ತು. ಹೆಬ್ಬೆರಳಿನಷ್ಟು ನೆಗ್ಗಿಗೆ ನಾಲ್ಕು ಬಾಗಿಲು ಎಂದರೆ ಯಾರಿಗೆ ತಾನೇ ತಡೆದುಕೊಳ್ಳಲಾದೀತು? ಪೋಸ್ಟ್ ಮಾಸ್ತರು ತಮ್ಮ ಹಳೆಯ ಸ್ಕೂಟರನ್ನು ತಳ್ಳಿಕೊಂಡು ಬಂದರು. "ಇದಕ್ಕೂ ಒಂಚೂರು ನೋಡ್ಬಿಡಿ. ಇದು ಪೂರ್ತಿ ನೆಗ್ಗೇ."

"ಇದು ನಮ್ಮ ಕಂಪನೀಲಿ ಇದೆಯಾ ಸಾರ್?"

"ಇಲ್ಲ. ಯಾರ ಕಂಪನೀಲೂ ಇಲ್ಲ. ನಿಮಗೇ ಕೊಡೋಣ ಅಂತ."

ಮ್ಯಾನೇಜರ್ ತಕ್ಕಡಿಯಪ್ಪನ ಕಡೆ ನೋಡಿದ. ತಕ್ಕಡಿಯಪ್ಪ ಕುತೂಹಲದಿಂದ ತಲೆ ಆಡಿಸಿದ. ಇದೂ ಪರೀಕ್ಷೆಯ ಭಾಗ ಎಂದುಕೊಂಡು ಮ್ಯಾನೇಜರ್ ಸರ್ವೇಯರ್ ಕಡೆ ತಿರುಗಿದ. "ಬರ್ಕೊಳ್ರೀ."

ಆಗ ಜನರನ್ನು ಬದಿಗೆ ಸರಿಸಿಕೊಂಡು, ಮಗಳ ಮನೆಯಲ್ಲೇ ಇದ್ದ ತಕ್ಕಡಿಯಪ್ಪನ ಅತ್ತೆ ಬಂದರು, ಕೈಯಲ್ಲಿ ಒಂದು ಚಪ್ಪಟೆಯಾದ ಅಲ್ಯೂಮಿನಿಯಂ ಪಾತ್ರೆ. "ಇದನ್ನೂ ಬರ್ಕೊಳ್ಳಪ್ಪಾ. ಅಳಿಯಂದಿರು ಹೋದ ವರ್ಷ ಕತ್ತಲಲ್ಲಿ ಇದರ ಮೇಲೆ ಕೂತ್ಕೊಂಡ್ರು."

"ಅತ್ತೇ!"

"ಸುಳ್ಳಾ? ನೀವೇ ತಾನೇ ನಿಜ ಹೇಳೋರು? ಹೇಳಿ."

"ಕೂತದ್ದು ನಿಜ" ಎಂದು ತಕ್ಕಡಿಯಪ್ಪ ಒಪ್ಪಿಕೊಂಡ.

"ಬರ್ಕೊಳ್ರೀ" ಎಂದ ಮ್ಯಾನೇಜರ್. ಮಾತು ಬದಲಿಸಲೆಂದು ಅವನು ಹೂಗುಚ್ಛವನ್ನು ಅತ್ತೆಯ ಕೈಗಿತ್ತ. ಅತ್ತೆ ಅದನ್ನು ಆ ಪಾತ್ರೆಯೊಳಗೇ ನಿಲ್ಲಿಸಿಕೊಂಡರು.

"ಗಾಡಿ ಈಗಲೇ ಗ್ಯಾರೇಜಿಗೆ ಹೋಗ್ಲಿ!" ಎಂದು ಮ್ಯಾನೇಜರ್ ಲಾರಿಯ ಡ್ರೈವರಿಗೆ ಕೂಗಿದ. "ಸಂಜೆಯೊಳಗೆ ಸಾರ್ ಮನೆ ಮುಂದೆ ವಾಪಸ್ ನಿಂತಿರ್ಬೇಕು!"

"ಸಾರ್, ಇದು ಓಡಿಸ್ಕೊಂಡೇ ಹೋಗ್ಬೋದು" ಎಂದ ಡ್ರೈವರ್. "ಇಂಜಿನ್ನಿಗೇನೂ ಆಗಿಲ್ವಲ್ಲಾ."

"ಎಳಿ ಅಂದ್ರೆ ಎಳಿ!"

ಡ್ರೈವರ್ ಲಾರಿಯನ್ನು ಹಿಂದಕ್ಕೆ ತರತೊಡಗಿದ. ಇಲ್ಲಿಯವರೆಗೆ ಎಲ್ಲವೂ ಒಬ್ಬ ಮನುಷ್ಯನ ಹುಚ್ಚಾಗಿತ್ತು. ಈಗ ಅದು ಬೀದಿಯ ಹುಚ್ಚಾಯಿತು. ಲಾರಿ ಹಿಂದಕ್ಕೆ ಬರುವುದನ್ನು ಕಂಡು ಸುಮ್ಮನೆ ನಿಲ್ಲುವ ಗಂಡಸು ಇನ್ನೂ ಹುಟ್ಟಿಲ್ಲ. ಒಬ್ಬರು ಎಡಕ್ಕೆ ಕೈ ಬೀಸಿದರು, ಇನ್ನೊಬ್ಬರು ಬಲಕ್ಕೆ. ಸರ್ವೇಯರ್ ಲಾರಿಯ ಬೆನ್ನಿಗೆ ಬಡಿದು ತಾಳ ಹಾಕಿದ. ಪೋಸ್ಟ್ ಮಾಸ್ತರು ಕುರ್ಚಿಯ ಮೇಲೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಮೂವತ್ತು ವರ್ಷ ಕಾಗದಗಳಿಗೆ ಮುದ್ರೆ ಒತ್ತಿದ ಕೈಗೆ ಒಂದು ಲಾರಿ ಸಿಕ್ಕಿತ್ತು. ಆ ಖುಷಿಯಲ್ಲಿ "ಸಾಕು" ಅನ್ನುವ ಮಾತೇ ಅವರಿಗೆ ಮರೆತುಹೋಯಿತು.

"ಬರ್ಲಿ, ಇನ್ನೂ ಬರ್ಲಿ, ಧಾರಾಳವಾಗಿ ಬರ್ಲಿ..."

ಧಡಾರ್!

ಲಾರಿಯ ಕಬ್ಬಿಣದ ತೋಳು ಕಾರಿನ ಹಿಂಭಾಗದೊಳಕ್ಕೆ ಸಲೀಸಾಗಿ ಹೋಯಿತು. ಡಿಕ್ಕಿಯ ಬಾಗಿಲು ಮಡಚಿಕೊಂಡಿತು. ಹಿಂದಿನ ಗಾಜು ಕಲ್ಲುಸಕ್ಕರೆಯಂತೆ ಸುರಿಯಿತು.

ಮನೆಯೊಳಗೆ ಹೊಲಿಗೆ ಯಂತ್ರ ನಿಂತಿತು.

ಆ ಮನೆಯಲ್ಲಿ ಯಂತ್ರ ಓಡುತ್ತಿದ್ದರೆ ಲೋಕ ಕ್ಷೇಮ. ನಿಂತರೆ ಏನೋ ಕಾದಿದೆ ಎಂದು ತಕ್ಕಡಿಯಪ್ಪನಿಗೆ ಗೊತ್ತು. ಹೆಂಡತಿ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಗೆ ಬಂದಳು. ಕಾರು ನೋಡಿದಳು, ಲಾರಿ ನೋಡಿದಳು. ಕುರ್ಚಿಯ ಮೇಲೆ ಕೈ ಎತ್ತಿಕೊಂಡೇ ಕಲ್ಲಾಗಿದ್ದ ಮಾಸ್ತರನ್ನು ನೋಡಿದಳು. ಕೊನೆಗೆ ಗಂಡನನ್ನು.

"ಶನಿವಾರ ನನ್ನ ಪರದೆ ಯಾವುದ್ರಲ್ಲಿ ಹೋಗುತ್ತೆ ರೀ?"

ನಡುಮನೆಯಲ್ಲಿ ಸೂರು ಮುಟ್ಟಿ ನಿಂತ ಪರದೆಗಳು, ಅವುಗಳ ಹಿಂದೆ ಅವಳು ಬಗ್ಗಿ ಕೂತ ದಿನಗಳು, ಎಲ್ಲಾ ಒಟ್ಟಿಗೆ ತಕ್ಕಡಿಯಪ್ಪನ ಎದೆಯ ಮೇಲೆ ಬಂದು ಕೂತವು.

ಮ್ಯಾನೇಜರ್ ಅಳುವುದೊಂದು ಬಾಕಿ. "ಸಾರ್, ದಮ್ಮಯ್ಯ, ಇದನ್ನ ಹೆಡ್ಡಾಫೀಸಿಗೆ ಬರೀಬೇಡಿ ಸಾರ್. ಮನೇಲಿ ಮಕ್ಕಳು ಮರಿ ಇದಾರೆ."

"ಯಾವ ಹೆಡ್ಡಾಫೀಸು?"

"ಇನ್ನು ಮುಚ್ಚಿಡೋದು ಯಾಕೆ ಸಾರ್? ನೀವು ತಪಾಸಣೆಯವರು ಅಂತ ನಮಗೆ ಬೆಳಿಗ್ಗೇನೇ ಗೊತ್ತಾಯ್ತು."

"ತಪಾಸಣೆ ನಿಜ" ಎಂದ ತಕ್ಕಡಿಯಪ್ಪ. "ಆದ್ರೆ ನನ್ನದೇ. ನಾನು ತಕ್ಕಡಿ ರಿಪೇರಿ ಮಾಡೋನು ರೀ."

ಮ್ಯಾನೇಜರನ ಮುಖದಲ್ಲಿ ನಗು ಹೋಯಿತು, ಹೆದರಿಕೆ ಹೋಯಿತು, ಬೆವರೂ ಒಣಗಿತು. ಬೆನ್ನು ನೆಟ್ಟಗಾಯಿತು. "ತಕ್ಕಡಿ ರಿಪೇರಿ" ಎಂದು ಒಂದು ಸಲ ಮೆಲ್ಲಗೆ ಹೇಳಿ ನೋಡಿಕೊಂಡ. "ಹಾಗಾದ್ರೆ ಕೇಳಿ. ಬೇಕಂತ ಹೊಡೆದುಕೊಂಡ ನೆಗ್ಗಿಗೆ ಕಂಪನಿ ಚಿಕ್ಕಾಸೂ ಕೊಡಲ್ಲ. ಆ ಲಾರಿ ನಮ್ಮದಲ್ಲ, ಬಾಡಿಗೇದು. ಸ್ಕೂಟರ್ ಹೊಡೀರೀ, ಪಾತ್ರೆ ಹೊಡೀರೀ." ಸರ್ವೇಯರ್ ಪಟ್ಟಿಯಲ್ಲಿ ಗೀಟು ಎಳೆದು ಹೊಡೆದುಹಾಕಿದ. "ಮೊಣಕೈ?" ಎಂದು ಕೇಳಿದ. "ಮೊಣಕೈನೂ!" ಕೊನೆಗೆ ಮ್ಯಾನೇಜರ್ ಹೂಗುಚ್ಛಕ್ಕೆ ಕೈ ಚಾಚಿದ.

ಅತ್ತೆ ಪಾತ್ರೆಯನ್ನು ಎದೆಗವಚಿಕೊಂಡರು. "ಕೊಟ್ಟಿದ್ದನ್ನ ಕಿತ್ಕೋತೀಯೇನಪ್ಪಾ, ಇಷ್ಟು ದೊಡ್ಡ ಆಫೀಸರ್ರು?"

ಹೂಗುಚ್ಛ ಅಲ್ಲೇ ಉಳಿಯಿತು. ನೀಲಿ ಕಂಪನಿ ಬಂದ ದಾರಿಯಲ್ಲೇ ಹೋಯಿತು.

ಉಳಿದವನು ಲಾರಿ ಡ್ರೈವರ್. ಓಡಿಹೋಗಬಹುದಿತ್ತು, ಹೋಗಲಿಲ್ಲ. ತಲೆ ಕೆರೆದುಕೊಳ್ಳುತ್ತಾ ತಕ್ಕಡಿಯಪ್ಪನ ಹೆಂಡತಿಯ ಎದುರು ಬಂದು ನಿಂತ. "ಅಕ್ಕಾ, ತಪ್ಪು ನಂದೇ. ಇವರ 'ಬರ್ಲಿ' ನಂಬಬಾರದಿತ್ತು. ನನ್ನ ಗಾಡಿಗೆ ಇನ್ಶೂರೆನ್ಸ್ ಇದೆ. ಹಸಿರು ಕಂಪನೀದು. ಫೋನ್ ಮಾಡ್ತೀನಿ."

ಸಂಜೆ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯ ಅದೇ ಹೆಂಗಸು ಬಸ್ಸಿನಲ್ಲಿ ಬಂದಿಳಿದಳು. ಹೂವಿಲ್ಲ, ನಗುವಿಲ್ಲ. ಕಾಫಿ ಅಂದರೆ ಬೇಡ, ಕುರ್ಚಿ ಅಂದರೆ ಬೇಡ. ಕಾರಿನ ಸುತ್ತ ನಡೆದು ಫೋಟೋ ತೆಗೆದಳು.

"ಹಿಂದಕ್ಕೆ ತಂದು ಗುದ್ದಿದ್ದು ಯಾರು?"

"ನಾನು ಮೇಡಂ" ಎಂದ ಡ್ರೈವರ್.

"ಕಾರು ಆಗ ನಿಂತಿತ್ತಾ?"

"ನಿಂತಿತ್ತು."

ಪೋಸ್ಟ್ ಮಾಸ್ತರು ಬಾಯಿ ತೆರೆದರು. "ನಾನು ದಾರಿ ತೋರಿಸ್ತಾ..."

"ನಿಮ್ಮನ್ನ ಕೇಳ್ಲಿಲ್ಲ."

ಮಾಸ್ತರು ಬಾಯಿ ಮುಚ್ಚಿದರು. ಆ ಬೀದಿಯಲ್ಲಿ ಅದೂ ಮೊದಲ ಸಲ.

ಅವಳ ಬೆರಳು ಹಿಂದಿನ ಬಾಗಿಲ ಕೆಳಗೆ ನಿಂತಿತು. ಭೂತಗನ್ನಡಿ ಇಲ್ಲದೆಯೇ ಅವಳಿಗೆ ಅದು ಕಂಡಿತ್ತು. "ಇದು? ಇದು ಲಾರಿಯದಲ್ಲ."

ಡ್ರೈವರ್ ತಕ್ಕಡಿಯಪ್ಪನ ಮುಖ ನೋಡಿದ. 'ಲಾರಿಯದೇ' ಅಂದುಬಿಟ್ಟರೆ ಬಾಗಿಲೂ ಸರಿಹೋಗುತ್ತದೆ; ಯಾರಿಗೆ ಗೊತ್ತು? ಆದರೆ ತಕ್ಕಡಿಯಪ್ಪನ ದೋಷ ಮತ್ತೆ ಎದ್ದು ಕುಳಿತಿತು.

"ಅದು ನಾನು. ರಬ್ಬರ್ ಸುತ್ತಿಗೇಲಿ. ಪರೀಕ್ಷೆಗೆ."

ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದಳು. ಯಾಕೆ ಎಂದು ಕೇಳಲಿಲ್ಲ. "ಇದಕ್ಕೆ ಕೊಡಲ್ಲ" ಅಂದಳು.

"ಅದಕ್ಕೆ?" ಎಂದು ತಕ್ಕಡಿಯಪ್ಪ ಮುರಿದ ಡಿಕ್ಕಿಯತ್ತ ಕೈ ತೋರಿಸಿದ.

"ಅದಕ್ಕೆ ಪೂರ್ತಿ ಕೊಡ್ತೀವಿ. ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಬಿಡಿ."

ತಕ್ಕಡಿಯಪ್ಪ ಅಲ್ಲೇ ಒಂದು ಹಾರು ಹಾರಿದ. "ಸಿಕ್ತು ಕಣೇ!" ಎಂದು ಹೆಂಡತಿಯ ಭುಜ ಹಿಡಿದು ಅಲುಗಿಸಿದ. "ನಾನು ಇಷ್ಟು ವರ್ಷ ಮಾಡೋ ಕೆಲಸಾನೇ ಮರೆತಿದ್ದೆ! ತಕ್ಕಡಿ ರಿಪೇರಿಗೆ ಬಂದ್ರೆ ಮೊದಲು ನಾನೇನು ನೋಡ್ತೀನಿ? ಕಲ್ಲು ಇಡೋಕೆ ಮುಂಚೆ, ಖಾಲಿ ತಟ್ಟೇಲಿ ಮುಳ್ಳು ಸೊನ್ನೇಲಿ ನಿಂತಿದೆಯಾ ಅಂತ! ಆ ನೀಲಿಯವರು ಖಾಲಿ ತಟ್ಟೆಗೇ ನಾಲ್ಕು ಬಾಗಿಲು ತೂಗಿದ್ರು. ಅಂಥ ತಕ್ಕಡೀನ ನಾನು ಅಂಗಡಿಯಿಂದ ಆಚೆ ಹಾಕಿಸ್ತೀನಿ. ಇವರು ನೋಡು, ಸೊನ್ನೆಗೆ ಸೊನ್ನೆ, ಕಿಲೋಗೆ ಕಿಲೋ! ಮೇಡಂ, ನನ್ನ ಪಾಲಿಸಿ ನಿಮ್ಮಲ್ಲೇ, ಈಗಲೇ ಬರ್ಕೊಳ್ಳಿ!"

"ನಾಳೆ ಹನ್ನೊಂದರ ಮೇಲೆ ಆಫೀಸಿಗೆ ಬನ್ನಿ. ಈ ನೆಗ್ಗನ್ನ ಹಳೇದು ಅಂತ ಹಾಕ್ಕೋತೀನಿ, ಡಿಕ್ಕಿ ರಿಪೇರಿಯಾದ ಮೇಲೆ ಇನ್ನೊಂದು ಫೋಟೋ ತಗೋತೀನಿ" ಎಂದು ಹೇಳಿ ಅವಳು ಬಸ್ಸಿಗೆ ಹೋದಳು.

"ಎರಡು ಪರದೆ ಜಾಸ್ತಿ ಆಗುತ್ತೆ" ಎಂದ ತಕ್ಕಡಿಯಪ್ಪ, ದನಿ ತಗ್ಗಿಸಿ.

"ಕೊಡ್ತೀನಿ" ಎಂದಳು ಹೆಂಡತಿ. "ಆ ಹೆಂಗಸಿಗಾದ್ರೆ ಕೊಡ್ತೀನಿ. ಮೊದಲು ಶನಿವಾರದ್ದು ಹೇಳಿ."

ಶುಕ್ರವಾರ ಬೆಳಿಗ್ಗೆ ಕಾರು ಬಿಟ್ಟಾಗ ಗ್ಯಾರೇಜಿನವರು ಒಂದು ವಾರ ಬೇಕು ಅಂದರು. ಪಾಲಿಸಿ ಮಾಡಿಸಿಕೊಂಡು ಬಂದವನು ಊರಿನ ಸಾಮಾನು ಗಾಡಿಗಳವರನ್ನೆಲ್ಲಾ ಕೇಳಿ ನೋಡಿದ. ಶನಿವಾರಕ್ಕೆ ಒಂದೂ ಖಾಲಿಯಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಬೈಯಲೂ ಇಲ್ಲ. ಅದು ಅವನಿಗೆ ಬೈಗುಳಕ್ಕಿಂತ ಭಾರವಾಯಿತು.

ಶನಿವಾರ ಬೆಳಿಗ್ಗೆ ಬೀದಿಯಲ್ಲಿ ಹಾರ್ನ್. ಕಿಟಕಿಯಿಂದ ನೋಡಿದರೆ ಅದೇ ಲಾರಿ, ಬೆನ್ನು ತೊಳೆದುಕೊಂಡು, ಮೇಲೆ ಶುಭ್ರವಾದ ಟಾರ್ಪಾಲು ಹಾಸಿಕೊಂಡು ನಿಂತಿದೆ.

"ಅಕ್ಕಾ, ಪರದೆ ತನ್ನಿ" ಎಂದು ಡ್ರೈವರ್ ಕೂಗಿದ. "ಬಾಡಿಗೆ ಬೇಡ. ಆದ್ರೆ ಒಂದು ಮಾತು. ಹಿಂದಕ್ಕೆ ತಗೊಳ್ಳುವಾಗ ಯಾರೂ ಬಾಯಿ ತೆಗೀಬಾರ್ದು."

ಎಲ್ಲರೂ ಪೋಸ್ಟ್ ಮಾಸ್ತರ ಕಡೆ ನೋಡಿದರು. ಮಾಸ್ತರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಲಾರಿ ಮೆಲ್ಲಗೆ ಹಿಂದಕ್ಕೆ ಬಂದು ಗೇಟಿಗೆ ಒಂದು ಗೇಣು ಉಳಿಯುವಂತೆ ನಿಂತಿತು. ಆಮೇಲೆ ಬೀದಿಗೆ ಬೀದಿಯೇ ಪರದೆ ಹೊತ್ತಿತು. ಮಾಸ್ತರು ಎಲ್ಲರಿಗಿಂತ ಹೆಚ್ಚು ಹೊತ್ತರು. ಹೆಂಡತಿ ಡ್ರೈವರನ ಪಕ್ಕ ಸೀಟಿನಲ್ಲಿ ಅಳತೆಪಟ್ಟಿ ಹಾಕಿಕೊಂಡು ಕೂತಳು. ತಕ್ಕಡಿಯಪ್ಪ ಹಿಂದೆ ಪರದೆಗಳ ಮೇಲೆ ಕೂರಲು ಹೋದ.

"ಕೂರ್ಬೇಡಿ!" ಎಂದು ಅತ್ತೆ ಬಾಗಿಲಿನಿಂದ ಕೂಗಿದರು. ಅವನು ನಿಂತೇ ಹೋದ.

ಕೆಂಪು ದೀಪ ತಿರುಗಿಸಿಕೊಂಡು ಲಾರಿ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿದಾಗ ಒಳಗಿನಿಂದ ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಓಡಿ ಬಂದರು. "ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ" ಎಂದಳು ಹೆಂಡತಿ, ಇಳಿಯುತ್ತಾ. "ಪರದೆ ಬಂದಿದೆ. ಇದನ್ನ ಅದರ ಮೇಲೇ ಹಾಕ್ಕೊಂಡು ಹೋಗಿ." ಮೊದಲ ಕಂತಿನ ಪರದೆಗಳು ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಹೋದವು.

ಕಳೆದದ್ದು ಎರಡು ಪರದೆಯಷ್ಟು ಹೆಚ್ಚಿನ ಪ್ರೀಮಿಯಂ, ಮತ್ತು ರಬ್ಬರ್ ಸುತ್ತಿಗೆ. ಅದನ್ನು ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಬಂದದ್ದು ಹೊಸ ಡಿಕ್ಕಿ ಬಾಗಿಲು, ಹಿಂದಿನ ಗಾಜು, ಪಾತ್ರೆ ತುಂಬಾ ಹೂವು, ಮುಂದಿನ ವರ್ಷಕ್ಕೂ ಆಸ್ಪತ್ರೆಯ ಆರ್ಡರು. ನೆಗ್ಗು ಇನ್ನೂ ಬಾಗಿಲ ಕೆಳಗೆ ಹಾಗೇ ಇದೆ. ಅದಕ್ಕೆ ಯಾವ ಕಂಪನಿಯೂ ಏನೂ ಕೊಡಲಿಲ್ಲ.